ಎಡಕ್ಕೆ ತಿರುಗಿದ ಕೊಡಲಿ

ಅಗ್ನಿಶಾಮಕ ಇಲಾಖೆಯಿಂದ ಬಂದ ಕಾಗದವನ್ನು ಅಚ್ಚಕ್ಕನ ತಮ್ಮ ಎರಡು ಸಲ ಓದಿದ. ಮೊದಲ ಸಲ ಅಕ್ಕನಿಗೆ ಕೇಳಲೆಂದು ಗಟ್ಟಿಯಾಗಿ, ಎರಡನೇ ಸಲ ತನಗೇ ನಂಬಿಕೆ ಬಾರದೆ ತುಟಿಯಲ್ಲೇ. ಅಚ್ಚಕ್ಕ ಮಾತ್ರ ಬಿಲ್ಲೆ ಒತ್ತುವ ಪ್ರೆಸ್ಸಿನ ತಿರುಪಿಗೆ ಎಣ್ಣೆ ಬಿಡುವುದನ್ನು ನಿಲ್ಲಿಸಲಿಲ್ಲ.

"ಕೇಳಿಸ್ತಾ ಅಕ್ಕ?"

"ಕಿವಿ ಗಟ್ಟಿಯಾಗೇ ಇದೆ. ಕೈಕೊಟ್ಟಿರೋದು ಕಣ್ಣು."

ಕಾಗದದಲ್ಲಿದ್ದದ್ದು ಇಷ್ಟು. ಗುರಾಣಿ, ಏಣಿ, ಜ್ವಾಲೆ, ಕೊಡಲಿ ಇರುವ ಲಾಂಛನ ಇಲಾಖೆಯ ಹೆಸರಿನಲ್ಲಿ ನೋಂದಣಿಯಾಗಿದೆ. ಅದನ್ನು ಹೊತ್ತ ಬಿಲ್ಲೆಗಳನ್ನೂ ಕೀಚೈನುಗಳನ್ನೂ ಅನುಮತಿಯಿಲ್ಲದೆ ಮಾಡಿ, ಇಲಾಖೆಯ ಹಳೆಯ ಕಾವಲು ಗೋಪುರದ ಬುಡದಲ್ಲೇ ಮಾರಲಾಗುತ್ತಿದೆ. ಇನ್ನು ಮುಂದೆ ಮಾಡಕೂಡದು. ಅಚ್ಚನ್ನು ತಂದೊಪ್ಪಿಸಬೇಕು. ಜೊತೆಗಿಟ್ಟ ಹೇಳಿಕೆಗೆ ಸಹಿ ಹಾಕಬೇಕು. ಇಲ್ಲವಾದರೆ ನ್ಯಾಯಾಲಯ. ಹೇಳಿಕೆ ಎಂದರೆ ಒಂದೇ ಸಾಲು: 'ಇಲಾಖೆಯ ಲಾಂಛನವನ್ನು ನೋಡಿ ನಕಲು ಮಾಡಿ ಈ ಅಚ್ಚನ್ನು ತಯಾರಿಸಿದ್ದೇನೆಂದು ಒಪ್ಪಿಕೊಳ್ಳುತ್ತೇನೆ.'

ಅಚ್ಚಕ್ಕ ಎಣ್ಣೆಗಿಂಡಿಯನ್ನು ಕೆಳಗಿಟ್ಟಳು. "ಮಾಡ್ಬೇಡ ಅಂದ್ರೆ ಬಿಡೋಣ. ಅಚ್ಚು ಕೊಡೋದು ಹೊಟ್ಟೆ ಉರಿಯುತ್ತೆ, ಆದ್ರೂ ನೋಡೋಣ. ಆ ಸಾಲಿಗೆ ಮಾತ್ರ ನನ್ನ ಕೈ ಏಳಲ್ಲ."

"ಒಂದು ಸಾಲು ತಾನೇ? ಗೀಚಿ ಬಿಸಾಕು."

"ನೀನು ಗೀಚೋದಾದ್ರೆ ಗೀಚು. ನಾನು ಕೊರೆಯೋಳು."

ತಮ್ಮ ಕಾಗದವನ್ನು ಮಡಿಸಿಟ್ಟ. ಅಕ್ಕ ಒಮ್ಮೆ ಬೇರು ಬಿಟ್ಟು ಕೂತಳೆಂದರೆ ಸನಿಕೆ ಹಿಡಿದು ಅಗೆದರೂ ಅಲ್ಲಾಡುವುದಿಲ್ಲವೆಂದು ಅವನಿಗೆ ಹುಟ್ಟಿದಂದಿನಿಂದ ಗೊತ್ತು.

ಅವಳಿಗೆ ಅಚ್ಚಕ್ಕನೆಂಬ ಹೆಸರು ಬಿದ್ದದ್ದು ಕಸುಬಿನಿಂದ. ಅವಳ ಕೋಣೆಗೆ ಕಿಟಕಿ ಒಂದೇ. ಅದರಡಿಯಲ್ಲಿ ತೇಗದ ಮೇಜು, ಮೇಜಿನ ಅಂಚಿನಲ್ಲಿ ಮೂರು ತಲೆಮಾರಿನ ಮೊಣಕೈ ಊರಿ ಆದ ತಗ್ಗು. ಗೋಡೆಯುದ್ದಕ್ಕೂ ಉಳಿಗಳು, ಮೊನೆ ಒಂದೊಂದಕ್ಕೂ ಒಂದೊಂದು ಬಗೆ. ಉಕ್ಕಿನ ಗಟ್ಟಿಯ ಮೇಲೆ ಚಿತ್ರವನ್ನು ತಗ್ಗಾಗಿ ಕೊರೆದು, ಬೆಂಕಿಯಲ್ಲಿ ಹದ ಹಾಕಿ, ಪ್ರೆಸ್ಸಿಗೆ ಕೂರಿಸಿ ಹಿತ್ತಾಳೆ ತಗಡಿನ ಮೇಲೆ ಒತ್ತಿದರೆ ಚಿತ್ರ ಉಬ್ಬಿ ಏಳುತ್ತದೆ. ಎಡವಿದ್ದದ್ದು ಬಲವಾಗುತ್ತದೆ, ಬಲವಿದ್ದದ್ದು ಎಡವಾಗುತ್ತದೆ. ಅದಕ್ಕಾಗಿ ಕೊರೆಯುವಾಗಲೇ ಎಲ್ಲವನ್ನೂ ತಿರುವುಮುರುವಾಗಿ ಕೊರೆಯಬೇಕು. ಅವಳ ಅಪ್ಪ ಇದಕ್ಕೊಂದು ದಾರಿ ಇಟ್ಟುಕೊಂಡಿದ್ದ. ಮೇಜಿನ ಎದುರು ಮೊಳೆಗೊಂದು ಕನ್ನಡಿ ನೇತುಹಾಕಿ, ಚಿತ್ರವನ್ನು ಅದರತ್ತ ಹಿಡಿಸಿ, ಕನ್ನಡಿಯಲ್ಲಿ ಕಂಡದ್ದನ್ನೇ ಕೊರೆಯುವುದು. "ಕಾಗದ ನೋಡ್ಬೇಡ, ಕನ್ನಡಿ ನೋಡು" ಎಂದು ಮಗಳಿಗೆ ಹೇಳಿ ಹೇಳಿ ಅವನ ನಾಲಗೆ ಸವೆದಿತ್ತು.

ಅದೇ ಗೋಡೆಯ ಮೇಲೆ ಅಪ್ಪನ ಪಟ, ಪಟದ ಪಕ್ಕ ಕಟ್ಟು ಹಾಕಿಸಿದ ಪ್ರಶಂಸಾಪತ್ರ. ನಲವತ್ತೊಂದು ವರ್ಷದ ಹಿಂದೆ ಇಲಾಖೆಯ ಟೋಪಿ ಬಿಲ್ಲೆಗೆ ಮೊಟ್ಟಮೊದಲ ಅಚ್ಚು ಕೊರೆದ ಕುಶಲಕರ್ಮಿಗೆ ಅಂದಿನ ಮುಖ್ಯಾಧಿಕಾರಿ ಬರೆದುಕೊಟ್ಟದ್ದು. ಆಮೇಲೆ ಇಲಾಖೆ ದೊಡ್ಡ ಕಾರ್ಖಾನೆಯೊಂದರಿಂದ ಬಿಲ್ಲೆ ತರಿಸಿಕೊಳ್ಳತೊಡಗಿತು. ಹಳೆಯ ಅಚ್ಚನ್ನು ಯಾರೂ ಕೇಳಲಿಲ್ಲ. ಅಪ್ಪ ಹೋದ ಮೇಲೆ ಗೋಪುರದ ಬುಡದಲ್ಲಿ ಪೆಟ್ಟಿಗೆಯಷ್ಟಗಲದ ಅಂಗಡಿ ಇಟ್ಟ ತಮ್ಮ, ಅದೇ ಅಚ್ಚಿನಿಂದ ಅಕ್ಕ ಒತ್ತಿದ ಬಿಲ್ಲೆಗಳನ್ನು ಮಾರತೊಡಗಿದ. ನೋಡಲು ಬಂದವರು ಇನ್ನೂರು ಮೆಟ್ಟಿಲು ಹತ್ತಿಳಿದು ಏದುಸಿರು ಬಿಡುತ್ತ ಅವನೆದುರು ನಿಲ್ಲುತ್ತಿದ್ದರು. "ಉಸಿರಿಲ್ಲದೋರು ಚೌಕಾಸಿ ಮಾಡಲ್ಲ" ಎಂದು ಅವನು ನಗುತ್ತಿದ್ದ. ಪ್ರಶಂಸಾಪತ್ರದ ಕತೆಯನ್ನು ಬಂದವರಿಗೆಲ್ಲ ಹೇಳಿ ಎದೆ ಉಬ್ಬಿಸುತ್ತಿದ್ದ. ಆ ಕತೆಯಲ್ಲಿ ಒಂದು ಸುಳ್ಳಿದೆ ಎಂಬುದು ಅವನಿಗೆ ಗೊತ್ತಿರಲಿಲ್ಲ. ಗೊತ್ತಿದ್ದವರು ಇಬ್ಬರೇ. ಒಬ್ಬ ಪಟದಲ್ಲಿದ್ದ. ಇನ್ನೊಬ್ಬಳು ನಲವತ್ತೊಂದು ವರ್ಷ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದಳು.

ಹೇಳಿದ ದಿನಕ್ಕೆ ಇಬ್ಬರೂ ಇಲಾಖೆಯ ಕಚೇರಿಗೆ ಹೋದರು. ತಮ್ಮನ ಕಂಕುಳಲ್ಲಿ ಬಟ್ಟೆ ಸುತ್ತಿದ ಪ್ರಶಂಸಾಪತ್ರ. ಅಚ್ಚಕ್ಕನ ಚೀಲದಲ್ಲಿ ಅಚ್ಚು, ಅದರಡಿಯಲ್ಲಿ ತಮ್ಮನಿಗೆ ತೋರಿಸದೆ ಮಡಿಸಿಟ್ಟುಕೊಂಡ ಹಳೆಯ ಹಾಳೆಯೊಂದು. ತೋರಿಸುವುದೋ ಬೇಡವೋ ಎಂಬುದು ಅವಳಿಗೇ ಇನ್ನೂ ತೀರ್ಮಾನವಾಗಿರಲಿಲ್ಲ.

ಕಾನೂನು ಅಧಿಕಾರಿ ಮೂವತ್ತು ದಾಟಿದ ಹೆಣ್ಣುಮಗಳು. ಎದ್ದು ಕುರ್ಚಿ ಎಳೆದುಕೊಟ್ಟಳು. ಆಮೇಲೆ ಮೇಜಿನ ಖಾನೆಯಿಂದ ಎರಡು ಬಿಲ್ಲೆ ತೆಗೆದು ಮುಂದಿಟ್ಟಳು.

"ಅಮ್ಮ, ಇದರಲ್ಲಿ ನಮ್ಮ ಹಳೇ ಸಿಬ್ಬಂದಿದು ಯಾವುದು, ನಿಮ್ಮ ಅಂಗಡಿದು ಯಾವುದು?"

ಅಚ್ಚಕ್ಕ ಬೆರಳಿನಿಂದ ಸವರಿ ನೋಡಿದಳು. "ಎರಡೂ ನಮ್ಮನೇದೇ. ಒಂದು ಹಳೇದು, ಒಂದು ಹೊಸದು."

"ಅದೇ ಕಷ್ಟ ಆಗಿರೋದು. ಈ ಹೊಸದನ್ನ ಒಬ್ಬ ಟೋಪಿಗೆ ಸಿಗಿಸ್ಕೊಂಡು ಗ್ಯಾಸಿನ ಪೈಪು ನೋಡ್ಬೇಕು ಅಂತ ಒಬ್ಬರು ಅಜ್ಜಿ ಮನೆಗೆ ಹೋಗಿದಾನೆ. ಬಿಲ್ಲೆ ನೋಡಿ ಅವರು ಬಾಗಿಲು ತೆಗೆದಿದಾರೆ. ಬೀರು ಖಾಲಿ. ಬೇರೆಯವರು ಮಾಡೋ ತಗಡು ಬಿಲ್ಲೆ ಆಗಿದ್ರೆ ಅಜ್ಜಿಗೂ ಅನುಮಾನ ಬರ್ತಿತ್ತೇನೋ. ನಿಮ್ಮದು ಅಸಲಿನ ಥರಾನೇ ಇದೆ."

ಅಚ್ಚಕ್ಕನ ಮುಖ ಸಣ್ಣದಾಯಿತು. ಕೆಲಸ ಚೆನ್ನಾಗಿದೆ ಎಂದು ಜನ ಹೊಗಳಿದ್ದನ್ನು ಅವಳು ಬೇಕಾದಷ್ಟು ಕೇಳಿದ್ದಳು. ಚೆನ್ನಾಗಿದ್ದದ್ದಕ್ಕೇ ಯಾರದೋ ಮನೆ ಬರಿದಾಯಿತೆಂದು ಕೇಳಿದ್ದು ಅದೇ ಮೊದಲು. ಚೀಲಕ್ಕೆ ಕೈಹಾಕಿ ಅಚ್ಚನ್ನು ತೆಗೆದು ಮೇಜಿನ ಮೇಲಿಟ್ಟಳು.

"ತಗೋ ತಾಯಿ. ಇದನ್ನ ಮೊದಲೇ ಹೇಳಿ ಕಳಿಸಿದ್ರೆ ಓಡ್ಕೊಂಡು ಬಂದು ಕೊಡ್ತಿದ್ದೆ. ನಿಮ್ಮ ಕಾಗದದಲ್ಲಿ ಬರೀ ಬೆದರಿಕೆ ಇತ್ತು, ಕಾರಣ ಇರ್ಲಿಲ್ಲ."

"ನಿಜ. ಎಲ್ಲರಿಗೂ ಕಳಿಸೋದು ಅದೊಂದೇ ಕಾಗದ" ಎಂದು ಅಧಿಕಾರಿ ಒಪ್ಪಿಕೊಂಡಳು. "ಇನ್ನು ಸಹಿ ಒಂದು."

"ಅದು ಆಗಲ್ಲ. ನಾನು ನಕಲು ಮಾಡಿಲ್ಲ."

ತಮ್ಮನಿಗೆ ತಡೆಯಲಾಗಲಿಲ್ಲ. ಬಟ್ಟೆ ಬಿಚ್ಚಿ ಪ್ರಶಂಸಾಪತ್ರವನ್ನು ಮುಂದೆ ತಳ್ಳಿದ. "ನೋಡಿ ಮೇಡಂ, ನಿಮ್ಮೋರೇ ಕೊಟ್ಟಿರೋದು. ಈ ಅಚ್ಚು ನಮ್ಮಪ್ಪ ಕೊರೆದಿದ್ದು. ನೀವು ಹುಟ್ಟೋಕೆ ಮುಂಚೆ."

ಅಧಿಕಾರಿ ಪತ್ರವನ್ನು ನಿಧಾನವಾಗಿ ಓದಿದಳು. ಪೆನ್ನು ತೆಗೆದಳು. "ಹಾಗಾದ್ರೆ ಸುಲಭ ಆಯ್ತು. ನಕಲು ಅನ್ನೋದು ಹೊಡೆದು ಹಾಕ್ತೀನಿ. 'ನಮ್ಮ ತಂದೆ ಇಲಾಖೆಗಾಗಿ ಕೊರೆದ ಮೂಲ ಅಚ್ಚಿನಿಂದ' ಅಂತ ಬರೀತೀನಿ. ಸರಿ ತಾನೆ ಅಮ್ಮ?"

ತಮ್ಮ ಗೆದ್ದವನಂತೆ ಅಕ್ಕನ ಕಡೆ ನೋಡಿದ. ಇಷ್ಟೇ ಸಾಕಿತ್ತು. ಹೂಂ ಎಂದರೆ ಮುಗಿಯಿತು. ಅಪ್ಪನ ಹೆಸರೂ ಉಳಿಯುತ್ತದೆ, ಗೋಡೆಯ ಕಟ್ಟೂ ಉಳಿಯುತ್ತದೆ, ತಮ್ಮನ ಕತೆಯೂ ಉಳಿಯುತ್ತದೆ. ಅಚ್ಚಕ್ಕ ಚೀಲವನ್ನು ಮಡಿಲಿಗೆಳೆದುಕೊಂಡಳು. ನಕಲು ಎನ್ನುವುದು ಎಷ್ಟು ಸುಳ್ಳೋ ಇದೂ ಅಷ್ಟೇ ಸುಳ್ಳಾಗಿತ್ತು. ಮೊದಲನೆಯದು ಬೇರೆಯವರು ಬರೆದ ಸುಳ್ಳು, ಇದು ತನ್ನ ಮನೆಯದು. ನಲವತ್ತೊಂದು ವರ್ಷ ಬಾಯಲ್ಲಿದ್ದದ್ದಕ್ಕೆ ಈಗ ಕೈಯಾರೆ ಸಹಿ ಹಾಕಬೇಕು.

ಅವಳು ಹಳೆಯ ಹಾಳೆಯನ್ನು ಬಿಡಿಸಿ ಹರವಿದಳು. ಇಲಾಖೆಯಿಂದ ಅಂದು ಬಂದಿದ್ದ ಮೂಲ ಚಿತ್ರ, ಮೂಲೆಯಲ್ಲಿ ಮುಖ್ಯಾಧಿಕಾರಿಯ ಸಹಿ.

"ಕೊಡಲಿ ಯಾವ ಕಡೆ ತಿರುಗಿದೆ ನೋಡು ತಾಯಿ."

"ಬಲಕ್ಕೆ."

"ನಿನ್ನ ತಲೆ ಮೇಲೆ ಗೋಡೇಲಿ ಬರೆದಿರೋದು?"

ಅಧಿಕಾರಿ ತಿರುಗಿ ನೋಡಿದಳು. ಗೋಡೆಯ ಮೇಲಿನ ಆಳೆತ್ತರದ ಲಾಂಛನ, ಮೇಜಿನ ಮೇಲಿನ ಕಾಗದದ ತಲೆ, ಅವಳ ಅಂಗಿಯ ಮೇಲಿನ ಗುರುತು, ಎಲ್ಲದರಲ್ಲೂ ಕೊಡಲಿಯ ಅಲಗು ಎಡಕ್ಕಿತ್ತು.

"ಅಪ್ಪ ಸೈಕಲ್ಲಿಂದ ಬಿದ್ದು ಮಣಿಕಟ್ಟು ಮುರ್ಕೊಂಡಿದ್ದ. ಕೆಲಸ ಒಪ್ಪಿ ಆಗಿತ್ತು, ಕೈತಪ್ಪೀತು ಅಂತ ಇವನಿಗೂ ಬರೀ ಉಳುಕು ಅಂದಿದ್ದ. ನನಗೆ ಹತ್ತೊಂಬತ್ತು. ಪೂರಾ ಅಚ್ಚು ನಾನೇ ಕೊರೆದೆ, ಅದೇ ನನ್ನ ಮೊದಲನೇದು. ಏಣಿ ಆಯ್ತು, ಜ್ವಾಲೆ ಆಯ್ತು. ಕೊಡಲಿ ಕೊರೆಯೋ ಹೊತ್ತಿಗೆ ಮೊಳೇಲಿ ಕನ್ನಡಿ ಇರ್ಲಿಲ್ಲ. ಒಂದು ಕೊಡಲಿಗೆ ಯಾಕೆ ಕನ್ನಡಿ ಅಂತ ಧಿಮಾಕು ಮಾಡಿ ಕಾಗದ ನೋಡ್ಕೊಂಡೇ ಕೊರೆದೆ. ಮೇಣದ ಮೇಲೆ ಒತ್ತಿ ನೋಡಿದಾಗ ಅಪ್ಪ ತಪ್ಪು ಹಿಡಿದ. ತೆಗೆದ ಉಕ್ಕು ಮತ್ತೆ ಅಂಟುತ್ತಾ? ಮಾರನೇ ದಿನ ಮಾದರಿ ಬಿಲ್ಲೆ ಕೊಡ್ಬೇಕು. ಅಪ್ಪ ಏನೂ ಮಾತಾಡ್ದೆ ತನ್ನ ಕೆಲಸ ಅಂತ ತಗೊಂಡು ಹೋಗಿ ಕೊಟ್ಟ. ಬೈದ್ರೆ ತನಗೇ ಬೈಲಿ ಅಂತ. ಇವರು ಬೈಲಿಲ್ಲ. ಹೊಗಳಿ ಕಾಗದ ಕೊಟ್ರು. ಆಮೇಲೆ ಹೆಂಗೆ ಬಾಯಿಬಿಡೋದು?"

ಪ್ರಶಂಸಾಪತ್ರವನ್ನು ತಮ್ಮ ಮೆಲ್ಲಗೆ ಹಿಂದಕ್ಕೆಳೆದುಕೊಂಡ. ಅಚ್ಚಕ್ಕ ಮಾತು ಮುಂದುವರಿಸಿದಳು.

"ಇದು ಅಪ್ಪನ ಕೈ ಆಗಿದ್ರೆ ಕೊಡಲಿ ಬಲಕ್ಕಿರ್ತಿತ್ತು. ಅವನು ಜೀವಮಾನದಲ್ಲಿ ಇಂಥ ತಪ್ಪು ಮಾಡ್ದೋನಲ್ಲ. ಅವನ ಹೆಸರಲ್ಲಿ ಇದನ್ನ ಬರೀಬೇಡ. ನನ್ನ ಹೆಸರಲ್ಲಿ ಬರಿ."

ಅಧಿಕಾರಿ ಹಾಳೆಯನ್ನೂ ಗೋಡೆಯನ್ನೂ ಇನ್ನೊಮ್ಮೆ ನೋಡಿದಳು. "ಹಳೇ ಚಿತ್ರ ಕಳೆದುಹೋಗಿದೆ ಅಂತ ಫೈಲಲ್ಲಿದೆ. ನೋಂದಣಿ ಮಾಡಿಸುವಾಗ ಟೋಪಿ ಬಿಲ್ಲೆ ನೋಡಿ ಬರೆಸಿದಾರೆ" ಎಂದಳು. ಆಮೇಲೆ ನಗು ತಡೆಯಲು ತುಟಿ ಕಚ್ಚಿಕೊಂಡಳು. "ಅಂದ್ರೆ ನಕಲು ಮಾಡಿದೋರು ನಾವು. ಇಷ್ಟು ವರ್ಷ ತಪ್ಪು ಕೊಡಲಿ ಹೊತ್ಕೊಂಡು ಓಡಾಡಿದೀವಾ?"

"ಬೆಂಕಿ ಆರ್ತಿದೆಯಲ್ಲ, ಬಿಡು."

ಹೊಸ ಸಾಲು ಹೀಗಾಯಿತು: 'ಇಲಾಖೆಗಾಗಿ ನಾನೇ ಕೊರೆದ ಮೂಲ ಅಚ್ಚನ್ನು ಒಪ್ಪಿಸಿದ್ದೇನೆ, ಲಾಂಛನ ಇಲಾಖೆಯದು, ಇನ್ನು ಮುಂದೆ ಒತ್ತುವುದಿಲ್ಲ.' ಅಚ್ಚಕ್ಕ ಅದನ್ನು ತಮ್ಮನಿಂದ ಓದಿಸಿ ಕೇಳಿ, ಒಂದೊಂದಕ್ಷರವನ್ನೂ ಕೊರೆದಂತೆ ಸಹಿ ಹಾಕಿದಳು. ಗೋಪುರದ ಚಿತ್ರ ಒತ್ತಿ ಮಾರಲು ಇಲಾಖೆಯ ತಕರಾರಿಲ್ಲ, ಗುರಾಣಿ ಮಾತ್ರ ಸೇರಿಸಬೇಡಿ ಎಂದು ಅಧಿಕಾರಿ ಬಾಗಿಲವರೆಗೆ ಬಂದು ಹೇಳಿದಳು. ಅಚ್ಚಕ್ಕ ಮೇಜಿನ ಮೇಲಿದ್ದ ಉಕ್ಕಿನ ಗಟ್ಟಿಯ ಕಡೆ ಒಂದೇ ಸಲ ತಿರುಗಿ ನೋಡಿ ಹೊರಗೆ ನಡೆದಳು.

ಪ್ರಶಂಸಾಪತ್ರವನ್ನು ತಮ್ಮ ದಾರಿಯುದ್ದಕ್ಕೂ ಈ ಕಂಕುಳಿಂದ ಆ ಕಂಕುಳಿಗೆ ಬದಲಿಸುತ್ತ ನಡೆದ. ಮನೆ ಹತ್ತಿರ ಬಂದಾಗ ಕೇಳಿದ. "ಈ ಕಟ್ಟನ್ನ ಇನ್ನು ಎಲ್ಲಿಡ್ಲಿ?"

"ಇದ್ದಲ್ಲೇ ಇಡು. ಮಗಳ ತಪ್ಪನ್ನ ಹೊತ್ಕೊಂಡು ಹೋಗಿ ನಿಂತನಲ್ಲ, ಅದಕ್ಕೇ ಸಿಕ್ತು ಅಂದ್ಕೋ."

ನಾಲ್ಕು ಹೆಜ್ಜೆ ಹಾಕಿದ ಮೇಲೆ ಮತ್ತೆ ನಿಂತ. "ಅಲ್ಲಕ್ಕ, ಕನ್ನಡಿ ಮೊಳೇಲಿ ಯಾಕಿರ್ಲಿಲ್ಲ?"

"ಯಾರೋ ತಲೆ ಬಾಚ್ಕೊಳಕ್ಕೆ ಹಿತ್ತಿಲಿಗೆ ತಗೊಂಡು ಹೋಗಿದ್ರು. ಹದಿನಾರು ವರ್ಷದ ಚೆಲುವ. ಒಂದು ಗಂಟೆ ಬಾಚಿದ."

ತಮ್ಮ ತನಗರಿವಿಲ್ಲದೆ ಬೋಳುತಲೆ ಸವರಿಕೊಂಡ. "ಒಂದು ದಿನಾನೂ ಹೇಳ್ಲಿಲ್ವಲ್ಲ."

"ಹೇಳಿದ್ರೆ ಏನು, ಕೂದಲು ವಾಪಸ್ ಬರ್ತಿತ್ತಾ?"

ಮರುದಿನ ಬೆಳಿಗ್ಗೆ ಅವಳು ಹೊಸ ಉಕ್ಕಿನ ಗಟ್ಟಿಯನ್ನು ಮೇಜಿಗೆ ಬಿಗಿದಳು. ಕೊರೆಯಬೇಕಾದದ್ದು ಗೋಪುರ. ಹೊರಮೆಟ್ಟಿಲು ಯಾವ ಕಡೆಗೆ ಸುತ್ತಿಕೊಂಡು ಏರುತ್ತದೆಂದು ತಮ್ಮನನ್ನು ಕೇಳಿದಳು. ಇಪ್ಪತ್ತು ವರ್ಷ ಅದರ ಬುಡದಲ್ಲೇ ಕೂತವನು ಗಾಳಿಯಲ್ಲಿ ಬೆರಳು ಸುತ್ತಿಸಿ ಸುತ್ತಿಸಿ ಕೈಚೆಲ್ಲಿದ. ಆಮೇಲೆ ಓಡಿಹೋಗಿ ನೋಡಿ, ಚಿತ್ರ ಗೀಚಿಕೊಂಡು ಬಂದ. ಮೊಳೆಯಿಂದ ಕನ್ನಡಿ ಇಳಿಸಿ, ಅಕ್ಕನ ಕಣ್ಣಿಗೆ ಸರಿಯಾಗಿ ಹತ್ತಿರ ಹಿಡಿದು ನಿಂತ.

"ಅಲ್ಲಾಡಿಸ್ಬೇಡ" ಎಂದಳು ಅಚ್ಚಕ್ಕ, ಉಳಿ ಎತ್ತಿಕೊಳ್ಳುತ್ತ. "ನೀನು ಒಳಗೆ ಇಣುಕಿ ನೋಡ್ಕೋಬೇಡ ಮತ್ತೆ."