ಅಳತೆ ಇಲ್ಲದ ಚಡ್ಡಿ

ಶಿರಸಿಯ ಆಟದ ಸಾಮಾನಿನ ಅಂಗಡಿಯಲ್ಲಿ ನಾನು ಕೇಳಿದ್ದು ಒಂದೇ ಮಾತು, ಅದನ್ನೂ ಪಿಸುಗುಟ್ಟಿ ಕೇಳಿದ್ದೆ: ಸೈಕ್ಲಿಂಗ್ ಶಾರ್ಟ್ಸ್ ಇದೆಯಾ ಅಂತ. ಅಂಗಡಿಯವ ಶಟಲ್ ಬ್ಯಾಟು ನೋಡುತ್ತ ನಿಂತಿದ್ದ ಇಬ್ಬರು ಗಂಡಸರಿಗೂ ಕೇಳುವ ಹಾಗೆ, "ಚಡ್ಡಿಯಾ? ಯಾರಿಗೆ?" ಎಂದ. ನನಗೇ ಅನ್ನುವ ಧೈರ್ಯ ಬರಲಿಲ್ಲ. ಅಣ್ಣನಿಗೆ ಎಂದೆ. ನನಗೆ ಅಣ್ಣನೇ ಇಲ್ಲ.

ಇಲ್ಲದ ಅಣ್ಣನ ಸೊಂಟ ಎಷ್ಟು ಎಂದು ಕೇಳಿದ. ನನ್ನದನ್ನೇ ಅಂದಾಜಿನಲ್ಲಿ ಹೇಳಿದೆ. ನೈಲಾನಿನ ನೀಲಿ ಚಡ್ಡಿಯೊಂದನ್ನು ಕಾಗದದಲ್ಲಿ ಸುತ್ತಿ ಕೊಟ್ಟ. ಮನೆಗೆ ಬಂದು ಹಾಕಿದರೆ ಸೊಂಟದಲ್ಲಿ ಇನ್ನೊಬ್ಬಳು ಹಿಡಿಯುವಷ್ಟು ಜಾಗ, ತೊಡೆಯಲ್ಲಿ ಉಸಿರಾಡಲೂ ಜಾಗವಿಲ್ಲ. ಪೆಡಲ್ ತುಳಿದಂತೆಲ್ಲ ಮೇಲಕ್ಕೇರಿ ಸುರುಳಿಯಾಗುತ್ತಿತ್ತು. ಹಾಕಿಕೊಂಡು ಮನೆಯ ಹೊಸ್ತಿಲು ದಾಟುವ ಮಾತೇ ಇರಲಿಲ್ಲ.

ಅದು ತೊಂಬತ್ತರ ದಶಕದ ಕೊನೆ. ನಾನು ಶಿರಸಿಯಲ್ಲಿ ಬಿ.ಎ. ಎರಡನೇ ವರ್ಷದಲ್ಲಿದ್ದೆ. ಕಾಲೇಜುಗಳ ಹುಡುಗಿಯರ ಸೈಕಲ್ ರೇಸು ಆ ಸಲ ಯಲ್ಲಾಪುರದಲ್ಲಿತ್ತು. ಮೊದಲು ಬಂದ ಮೂವರು ಯೂನಿವರ್ಸಿಟಿ ತಂಡಕ್ಕೆ. ಕಾಲೇಜಿನ ಒಂದೇ ಒಂದು ರೇಸ್ ಸೈಕಲ್ಲನ್ನು ಬೀಳದೆ ಓಡಿಸಿದವಳು ನಾನು ಎಂಬ ಕಾರಣಕ್ಕೆ ಪಿ.ಇ. ಸರ್ ನನ್ನ ಹೆಸರು ಬರೆದುಕೊಂಡಿದ್ದರು. ಅಪ್ಪ ಆಗಲೇ ನನ್ನ ಜಾತಕದ ಪ್ರತಿ ಮಾಡಿಸಿ ಎರಡು ಕಡೆ ಕೊಟ್ಟಾಗಿತ್ತು. ಮುಂದಿನ ವರ್ಷ ನಾನು ಎಲ್ಲಿರುತ್ತೇನೋ ಯಾರಿಗೆ ಗೊತ್ತು. ಹಾಗಾಗಿ ಈ ರೇಸಿನಲ್ಲಿ ಓಡಿಸಲೇಬೇಕಿತ್ತು ನನಗೆ. ಹಸಿವಾದ ಹಾಗೆ ಬೇಕಿತ್ತು.

ಅಪ್ಪ ಸಿದ್ದಾಪುರದ ಕಡೆ ಪ್ರಾಥಮಿಕ ಶಾಲೆಯ ಮಾಸ್ತರು. ಬೆಳಗಿನ ಮೊದಲ ಬಸ್ಸಿಗೆ ಹೋಗಿ ಸಂಜೆ ಬರುವವರು. ರೇಸಿಗೆ ಅವರು ಒಪ್ಪಿದ್ದು ಚೂಡಿದಾರ ಹಾಕಿಕೊಂಡು ಓಡಿಸುವುದಾದರೆ ಅಡ್ಡಿಯಿಲ್ಲ ಎಂಬ ಷರತ್ತಿನ ಮೇಲೆ. ಪಿ.ಇ. ಸರ್ ಹೇಳಿದ್ದು ಬೇರೆ. ಸಡಿಲ ಬಟ್ಟೆ ಚೈನಿಗೆ ಸಿಕ್ಕಿ ಬೀಳುತ್ತಾರೆ, ಚೂಡಿದಾರದವರನ್ನು ರೇಸಿನ ಗೆರೆಯಲ್ಲಿ ನಿಲ್ಲಲೇ ಬಿಡುವುದಿಲ್ಲ ಎಂದಿದ್ದರು. ಎರಡು ಮಾತಿನ ನಡುವೆ ಉಳಿದದ್ದು ಹದಿನೈದು ದಿನ ಮತ್ತು ಆಯಿ. ಅಮ್ಮನನ್ನು ನಾವು ಆಯಿ ಎನ್ನುತ್ತೇವೆ.

ಆಯಿ ಹೊಲಿಸೋಣ ಎಂದಳು. ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಹಾನಗಲ್ ಕಡೆಯ ಟೇಲರ್ ಒಬ್ಬರಿದ್ದರು. ನಮ್ಮ ಬೀದಿಯ ಅಷ್ಟೂ ಹೆಂಗಸರ ರವಿಕೆ ಅವರ ಕೈಯದ್ದೇ. ಆದರೆ ಅವರು ಒಬ್ಬ ಹೆಂಗಸಿನ ಮೈಗೂ ಟೇಪು ಮುಟ್ಟಿಸಿದವರಲ್ಲ. ಹೊಸ ರವಿಕೆ ಬೇಕಾದರೆ ಸರಿಯಾಗಿ ಕೂರುವ ಹಳೇ ರವಿಕೆಯೊಂದನ್ನು ಅಳತೆಗೆ ಕೊಡಬೇಕು. ಅದನ್ನು ಹಾಸಿ, ಅದರ ಮೇಲೆ ಕತ್ತರಿಸಿ, ಎರಡನ್ನೂ ವಾಪಸು ಕೊಡುತ್ತಿದ್ದರು. ನಮ್ಮೂರ ಕ್ರಮವೇ ಹಾಗೆ.

ನಮ್ಮ ಮಾತು ಕೇಳಿ ಅವರು, "ಅಳತಿ ಅರಿವಿ ಕೊಡ್ರಿ" ಎಂದರು.

ಇರಲಿಲ್ಲ. ಸೊಂಟದ ಕೆಳಗೆ ನನ್ನ ಮೈಗೆ ಹೊಂದುವ ಬಟ್ಟೆಯನ್ನು ಅಲ್ಲಿಯವರೆಗೆ ಯಾರೂ ಹೊಲಿದಿರಲಿಲ್ಲ. ಲಂಗ, ಚೂಡಿದಾರದ ಪ್ಯಾಂಟು ಎಲ್ಲಕ್ಕೂ ಲಾಡಿ ಎಳೆದು ಕಟ್ಟಿದರೆ ಮುಗಿಯಿತು. ಮರುದಿನ ಆಯಿ ತಂದದ್ದು ಅಪ್ಪನ ಖಾಕಿ ಚಡ್ಡಿ. ಶಾಲೆಯ ಸ್ಕೌಟ್ ಮಕ್ಕಳನ್ನು ನಡೆಸುವಾಗ ಅಪ್ಪ ಇಸ್ತ್ರಿ ಮಾಡಿಸಿ ಹಾಕುತ್ತಿದ್ದುದು ಅದನ್ನೇ. ಇದಕ್ಕಿಂತ ಎರಡು ಬೆರಳು ಬಿಗಿಯಾಗಿ, ಮೊಣಕಾಲಿನವರೆಗೆ ಉದ್ದವಾಗಿ ಹೊಲಿಯಿರಿ ಎಂದು ಆಯಿ ಹೇಳಿದಳು. ಟೇಲರ್ ತಲೆ ಎತ್ತದೆ ಹೂಂ ಎಂದರು. ಆ ಅಳತೆ ಬೇರೊಂದು ದೇಹದ್ದು ಅಂತ ಮೂವರಲ್ಲಿ ಯಾರಿಗೂ ಹೊಳೆಯಲಿಲ್ಲ.

ಕಪ್ಪು ಬನಿಯನ್ ಬಟ್ಟೆಯ ಚಡ್ಡಿ ಮೂರು ದಿನಕ್ಕೆ ಬಂತು. ಯಲ್ಲಾಪುರ ರಸ್ತೆಯಲ್ಲಿ ಬೆಳಗಿನ ಅಭ್ಯಾಸಕ್ಕೆ ಹೊರಟೆ. ಮೇಲೆ ಅಪ್ಪನ ಕಣ್ಣಿಗೆ ಚೂಡಿದಾರ, ಊರು ದಾಟಿದ ಮೇಲೆ ಬಿಚ್ಚಿ ಚೀಲಕ್ಕೆ. ಮೊದಲ ಐದು ಕಿಲೋಮೀಟರ್ ಹಿತವಾಗಿತ್ತು, ಹಾರಿಕೊಂಡೇ ಹೋದೆ. ಆಮೇಲೆ ಶುರುವಾಯಿತು. ನಾಲ್ಕೂ ಹೊಲಿಗೆ ಬಂದು ಸೇರುವ ಜಾಗದಲ್ಲಿ ಹುಣಸೆ ಬೀಜದಷ್ಟು ದಪ್ಪನೆಯ ಗಂಟು. ರೇಸ್ ಸೈಕಲ್ಲಿನ ಸೀಟು ಅಂಗೈ ಅಗಲ. ನನ್ನ ಅಷ್ಟೂ ಭಾರ ಆ ಬೀಜದ ಮೇಲೆ.

ನಾಲ್ಕು ಮನೆಯ ಚಾಳಿನಲ್ಲಿ ನಮ್ಮದೊಂದು. ಬಟ್ಟೆ ಒಣಗಿಸುವ ತಂತಿ ನಾಲ್ವರಿಗೂ ಸೇರಿದ್ದು. ಚಡ್ಡಿ ತೊಳೆದು, ಮೇಲೆ ಟವೆಲ್ ಹೊದೆಸಿ ಒಣಹಾಕುತ್ತಿದ್ದೆ. ಟವೆಲ್ ಒಣಗುತ್ತಿತ್ತು, ಚಡ್ಡಿ ಒಣಗುತ್ತಿರಲಿಲ್ಲ. ಮರುದಿನ ಆ ತಣ್ಣನೆಯ ಚಡ್ಡಿಯನ್ನೇ ಏರಿಸಿಕೊಂಡು ಹೋಗುತ್ತಿದ್ದೆ. ನಾಲ್ಕನೇ ದಿನಕ್ಕೆ ಚರ್ಮ ಸುಲಿಯಿತು. ಆರನೇ ದಿನಕ್ಕೆ ಒಂದು ಕುರು ಎದ್ದಿತು.

ಯಾರಿಗೆ ಹೇಳುವುದು? ಹೇಳುವುದಾದರೂ ಏನಂತ? ಆ ಜಾಗಕ್ಕೆ ನನ್ನ ಬಾಯಲ್ಲಿ ಒಂದು ಮರ್ಯಾದೆಯ ಶಬ್ದವೇ ಇರಲಿಲ್ಲ. ಕಾಲು ನೋವು ಎಂದೆ. ಪಿ.ಇ. ಸರ್ ಮಂಡಿಗೆ ಹಚ್ಚಿಕೋ ಎಂದು ಮುಲಾಮು ಕೊಟ್ಟರು. ಆಯಿ ಎಣ್ಣೆ ಬಿಸಿ ಮಾಡಿ ಮೀನಖಂಡ ತಿಕ್ಕಿದಳು. ನಾನು ಹಲ್ಲು ಕಚ್ಚಿ ಕಾಲು ಚಾಚಿ ಕೂತೆ. ನನ್ನ ಕಾಲಿಗೆ ಜನ್ಮದಲ್ಲಿ ಅಷ್ಟು ಉಪಚಾರ ಆಗಿರಲಿಲ್ಲ. ತಿಕ್ಕುತ್ತಿದ್ದ ಆಯಿಯ ಮೇಲೂ, ಸುಳ್ಳು ಹೇಳಿದ ನನ್ನ ಮೇಲೂ ಸಿಟ್ಟು ಬರುತ್ತಿತ್ತು.

ಅದರ ನಡುವೆ ಅಪ್ಪನಿಗೆ ಖಾಕಿ ಚಡ್ಡಿ ಬೇಕಾಯಿತು. ಪೆಟ್ಟಿಗೆ, ಕಪಾಟು ಎಲ್ಲ ಹುಡುಕಿ ಆಯಿಯನ್ನು ಕೇಳಿದರು. ಚಡ್ಡಿ ಇನ್ನೂ ಟೇಲರ್ ಹತ್ತಿರವೇ ಇತ್ತು. ಇಸ್ತ್ರಿಗೆ ಕೊಟ್ಟಿದ್ದೇನೆ ಎಂದಳು ಆಯಿ. ಅಪ್ಪ ಕನ್ನಡಕದ ಮೇಲಿಂದ ಅವಳನ್ನೂ ನನ್ನನ್ನೂ ನೋಡಿದರು. ನಾನು ತಟ್ಟೆಯಿಂದ ತಲೆ ಎತ್ತಲಿಲ್ಲ.

ರೇಸಿಗೆ ಆರು ದಿನ ಉಳಿದಿತ್ತು. ಕ್ಲಾಸಿನಲ್ಲಿ ನಾನು ಒಂದೇ ಪಕ್ಕಕ್ಕೆ ವಾಲಿ ಕೂರುತ್ತಿದ್ದೆ. ಪಿ.ಇ. ಸರ್ ಕರೆದು, ಗುರುವಾರದೊಳಗೆ ಕಾಲು ಸರಿಹೋಗದಿದ್ದರೆ ಇನ್ನೊಬ್ಬಳನ್ನು ಕಳಿಸುತ್ತೇನೆ ಎಂದರು. ಅವಳ ಹೆಸರೂ ಪಟ್ಟಿಯಲ್ಲಿ ಪೆನ್ಸಿಲಿನಲ್ಲಿತ್ತು.

ಅವತ್ತು ಮನೆಗೆ ಬಂದಾಗ ಆಯಿ ಕೈಯಲ್ಲಿ ಚಡ್ಡಿ ಹಿಡಿದು ನಿಂತಿದ್ದಳು. ಒಳಮೈ ಹೊರಗಾಗಿತ್ತು. ಕಪ್ಪು ಬಟ್ಟೆಯಲ್ಲಿ ಕಲೆ ಕಾಣುವುದಿಲ್ಲ ಅಂತ ನಾನು ನಂಬಿದ್ದೆ. ಬಚ್ಚಲಿಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದಳು.

"ಎಲ್ಲಿ ನೋವು?"

"ಕಾಲು."

"ಕಾಲಲ್ಲ. ಬಾಯಿ ಬಿಟ್ಟು ಹೇಳೇ ಕೂಸೆ."

ಶಬ್ದ ಬರಲಿಲ್ಲ, ತೋರಿಸಿದೆ. ಬೈಗುಳ ಬೀಳುತ್ತದೆ ಅಂತ ಕಾದೆ. ಆಯಿ ಬಗ್ಗಿ ನೋಡಿದಳು. ಆಮೇಲೆ ಹಂಡೆಯ ಕಡೆ ಮುಖ ಮಾಡಿ ಹೇಳಿದಳು: "ನಿನ್ನ ಹೆತ್ತಾಗ ಹಾಕಿದ ಹೊಲಿಗೆಯಿಂದ ನಂಗೂ ಹಿಂಗೇ ಆಗಿತ್ತು. ಕೂರಲೆ ಆಗ್ತಿತ್ತಿಲ್ಲೆ. ನಾ ಎಲ್ಲರ ಹತ್ರನೂ ಸೊಂಟ ನೋವು ಹೇಳ್ದಿ."

ಆಮೇಲೆ ವಾಸಿಯಾಯಿತಾ ಎಂದು ಕೇಳಿದೆ. ಆಯಿ ಬಿಸಿನೀರು ತೋಡತೊಡಗಿದಳು.

ಮರುದಿನ ಬೆಳಿಗ್ಗೆ ಅಪ್ಪ ಬಸ್ಸಿಗೆ ಹೋದ ಮೇಲೆ ಆಯಿ ಹೂ ಕಟ್ಟುವ ಬಾಳೆನಾರು ತಂದು ನನ್ನ ಅಳತೆ ತೆಗೆದಳು. ಸೊಂಟಕ್ಕೊಂದು ನಾರು, ತೊಡೆಗೊಂದು, ಹೊಟ್ಟೆಯ ಕೆಳಗಿಂದ ಹಾಯ್ದು ಬೆನ್ನಿನವರೆಗೆ ಇನ್ನೊಂದು. ಎಲ್ಲೆಲ್ಲಿ ಮುಗಿಯಿತೋ ಅಲ್ಲಿ ಗಂಟು. ಗಂಟು ಹಾಕಿದ ಮೂರು ನಾರು ಹಿಡಿದು ಟೇಲರ್ ಅಂಗಡಿಗೆ ಹೋದೆವು. ದಾರಿಯುದ್ದಕ್ಕೂ ಆಯಿ ತುಟಿ ಅಲ್ಲಾಡಿಸುತ್ತಿದ್ದಳು. ಮಂತ್ರ ಅಂದುಕೊಂಡಿದ್ದೆ. ಹೇಳಬೇಕಾದ ವಾಕ್ಯವನ್ನು ಬಾಯಿಪಾಠ ಮಾಡುತ್ತಿದ್ದಳು.

ಅಂಗಡಿಯಲ್ಲಿ ಅದನ್ನು ಒಂದೇ ಉಸಿರಿಗೆ ಹೇಳಿದಳು. ತೊಡೆಸಂದಿಯಲ್ಲಿ ನಾಲ್ಕು ಹೊಲಿಗೆ ಸೇರುವ ಕಡೆ ಒತ್ತಿ ಗಾಯವಾಗಿದೆ, ಹುಡುಗಿಗೆ ಕೂರಲು ಆಗುತ್ತಿಲ್ಲ, ಗಂಡಸಿನ ಅಳತೆ ಕೊಟ್ಟದ್ದು ತಪ್ಪಾಯಿತು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಟೇಲರ್ ಮಿಷನ್ನಿನ ಚಕ್ರವನ್ನೇ ನೋಡುತ್ತ ಕೂತರು. ನಮ್ಮನ್ನು ಎದ್ದು ಹೋಗಿ ಎನ್ನುತ್ತಾರೆ ಎಂದುಕೊಂಡೆ. ಅವರು ಕೇಳಿದ್ದು ಇಷ್ಟೇ: "ಈ ಅಳತಿ ನಿಂತಾಗಿಂದ ಏನ್ರಿ, ಕುಂತಾಗಿಂದ?"

ನಿಂತಾಗಿನದು. ಅವರು ಎದ್ದು ಬಟ್ಟೆಯ ರಾಶಿಗೆ ಅಡ್ಡವಿದ್ದ ಪರದೆಯನ್ನು ಸರಿಸಿ, ತಮ್ಮ ಟೇಪನ್ನು ಆಯಿಯ ಕೈಗೆ ಕೊಟ್ಟು, ತಾವು ಹೊರಗೆ ರಸ್ತೆಗೆ ಮುಖ ಮಾಡಿ ನಿಂತರು. ಒಳಗೆ ನಾನು ಸ್ಟೂಲಿನ ಮೇಲೆ ಹ್ಯಾಂಡಲ್ ಹಿಡಿದವಳ ಹಾಗೆ ಬಗ್ಗಿ ಕೂತೆ. ಆಯಿ ಓದಿ ಹೇಳಿದ ಒಂದೊಂದು ಇಂಚನ್ನೂ ಅವರು ಹೊರಗಿನಿಂದಲೇ ಇನ್ನೊಮ್ಮೆ ಹೇಳಿ ಬರೆದುಕೊಂಡರು. ನಿಂತ ಅಳತೆಗೂ ಕೂತ ಅಳತೆಗೂ ಹಿಂಬದಿಯಲ್ಲಿ ಮೂರು ಇಂಚಿನ ವ್ಯತ್ಯಾಸ ಬಂತು.

"ಮೂವತ್ತು ವರ್ಷ ಆತ್ರಿ ಹೊಲ್ಯಾಕ ಹತ್ತಿ," ಎಂದರು ಟೇಲರ್. "ಎಲ್ಲಿ ಒತ್ತತೈತಿ ಅಂತ ಯಾರೂ ಹೇಳಿದ್ದಿಲ್ಲ."

ಅಪ್ಪನ ಖಾಕಿ ಚಡ್ಡಿಯನ್ನು ಅವತ್ತೇ ವಾಪಸು ಕೊಟ್ಟರು. ಹೊಸದರಲ್ಲಿ ಹೊಲಿಗೆಗಳು ಸೇರುವ ಜಾಗವನ್ನೇ ತೆಗೆದುಹಾಕಿ, ಅಲ್ಲಿ ಗಾಳಿಪಟದ ಆಕಾರದ ಮೆತ್ತನೆಯ ತುಂಡೊಂದನ್ನು ಕೂರಿಸಿ, ಹೊಲಿಗೆಯ ಅಂಚುಗಳನ್ನೆಲ್ಲ ಹೊರಮೈಗೆ ತಿರುಗಿಸಿದ್ದರು. ನೋಡಲು ಚೆನ್ನಾಗಿರಲಿಲ್ಲ. ಸುಮಾರು ಹತ್ತು ವರ್ಷದ ಮೇಲೆ ಹುಬ್ಬಳ್ಳಿಯಲ್ಲಿ ಹೆಂಗಸರದ್ದೇ ಸೈಕಲ್ ಚಡ್ಡಿ ಕೊಂಡಾಗ ಅದರ ಒಳಮೈ ತಿರುಗಿಸಿ ನೋಡಿದೆ. ಹೆಚ್ಚುಕಡಿಮೆ ಅದೇ ತುಂಡು ಅಲ್ಲೂ ಇತ್ತು.

ಆಯಿ ಆ ಚಡ್ಡಿಯನ್ನು ಟವೆಲ್ ಇಲ್ಲದೆ ಬಿಸಿಲಿಗೆ ಹಾಕಿದಳು. ನಾಲ್ಕು ಮನೆಯವರೂ ನೋಡಿದರು, ಸಂಜೆ ಅಪ್ಪನೂ ನೋಡಿದರು. ಯಾರದು ಎಂದು ಅಪ್ಪ ಕೇಳುವ ಮೊದಲೇ ಆಯಿ ಹೇಳಿಬಿಟ್ಟಳು: "ಕೂಸು ರೇಸಿಗೆ ಅದನ್ನೇ ಹಾಕ್ಯಂಡು ಹೋಗ್ತು. ಜಾತಕ ವಾಪಸ್ ಬಂದ್ರೆ ಬರಲಿ." ಅಪ್ಪ ಎರಡು ದಿನ ಇಬ್ಬರ ಹತ್ತಿರವೂ ಮಾತಾಡಲಿಲ್ಲ. ಮೂರನೇ ದಿನ ಯಲ್ಲಾಪುರದ ಬಸ್ಸು ಎಷ್ಟು ಹೊತ್ತಿಗೆ ಎಂದು ಗೋಡೆಗೆ ಹೇಳುವವರ ಹಾಗೆ ಹೇಳಿದರು. ಗುರುವಾರ ನಾನು ಪಿ.ಇ. ಸರ್ ಎದುರು ಮೈದಾನಕ್ಕೆ ಹತ್ತು ಸುತ್ತು ಹಾಕಿದೆ. ಪೆನ್ಸಿಲಿನ ಹೆಸರನ್ನು ಅವರು ಅಳಿಸಿದರು.

ಯಲ್ಲಾಪುರದಲ್ಲಿ ನಾನು ನಾಲ್ಕನೆಯವಳಾಗಿ ಬಂದೆ. ಮೂರನೆಯವಳ ಹಿಂದಿನ ಚಕ್ರ ಕೊನೆಯವರೆಗೂ ನನಗೆ ಕಾಣುತ್ತಲೇ ಇತ್ತು. ಗಾಯ ಪೂರ್ತಿ ಆರಿರಲಿಲ್ಲ, ಆದರೆ ಚಡ್ಡಿ ಒಂದು ಕಡೆಯೂ ಒತ್ತಲಿಲ್ಲ. ಕಾಲು ಮತ್ತೆ ಕೈಕೊಟ್ಟಿತಾ ಎಂದು ಪಿ.ಇ. ಸರ್ ಕೇಳಿದರು. ಕಾಲಿಗೆ ಏನೂ ಆಗಿರಲಿಲ್ಲ ಸರ್, ಅವಳು ನನಗಿಂತ ಜೋರಾಗಿ ಓಡಿಸಿದಳು ಎಂದೆ. ಆಮೇಲೆ ಶಾಲೆಯೊಂದರ ಹಿತ್ತಲಿಗೆ ಹೋಗಿ ಚೆನ್ನಾಗಿ ಅತ್ತೆ.

ರೇಸಿಗೆ ನನ್ನ ಜೊತೆ ಬಂದಿದ್ದ ಆಯಿ ಮರಳಿ ಬರುವಾಗ ಬಸ್ಸಿನಲ್ಲಿ ನನ್ನ ಪಕ್ಕ ಕೂತಿದ್ದಳು. ಎಡಕ್ಕೆ ವಾಲಿ, ಒಂದು ಕೈ ಸೀಟಿಗೆ ಊರಿ, ಅರ್ಧ ಮೈ ಎತ್ತಿಕೊಂಡು. ಗುಂಡಿ ಬಂದಾಗಲೆಲ್ಲ ಊರಿದ ಕೈ ಬಿಗಿಯುತ್ತಿತ್ತು. ಹುಟ್ಟಿದಾಗಿನಿಂದ ನಾನು ಆಯಿಯನ್ನು ನೋಡಿದ್ದೇ ಹಾಗೆ. ಅದು ಅವಳು ಕೂರುವ ಭಂಗಿ ಅಂದುಕೊಂಡಿದ್ದೆ. ಆ ಹತ್ತು ದಿನ ನಾನೂ ಕ್ಲಾಸಿನಲ್ಲಿ ಹಾಗೇ ಕೂತಿದ್ದೆ.

"ಈಗ್ಲೂ ನೋವು ಇದ್ದಾ ಆಯಿ?" ಎಂದೆ.

ಆಯಿ ಕಿಟಕಿಯ ಹೊರಗೆ ನೋಡಿದಳು. ಬಹಳ ದೂರ ಬಂದ ಮೇಲೆ ಹೂಂ ಎಂದಳು. ನನಗೆ ಆಗ ಹತ್ತೊಂಬತ್ತು ವರ್ಷ. ಅವಳ ನೋವಿಗೂ ಅಷ್ಟೇ.

ಮುಂದಿನ ವಾರ ಅವಳನ್ನು ಎಳೆದುಕೊಂಡೇ ಲೇಡಿ ಡಾಕ್ಟರ ಹತ್ತಿರ ಹೋದೆ. ನಮ್ಮ ಸರದಿ ಬಂತು. ಡಾಕ್ಟರು ಪೆನ್ನು ತೆಗೆದು, ಏನು ತೊಂದರೆ ಎಂದು ಕೇಳಿದರು. ಟೇಲರ್ ಅಂಗಡಿಯಲ್ಲಿ ನನ್ನ ಗಾಯದ ಬಗ್ಗೆ ಒಂದೇ ಉಸಿರಿಗೆ ಹೇಳಿದ್ದ ಆಯಿ ಸೆರಗನ್ನು ಮಡಚುತ್ತ, ಬಿಡಿಸುತ್ತ ಕೂತಳು.

"ಸೊಂಟ ನೋವು," ಎಂದಳು.

ಡಾಕ್ಟರು ಬರೆಯತೊಡಗಿದರು.

"ಸೊಂಟ ಅಲ್ಲ," ಎಂದೆ ನಾನು. ಪೆನ್ನು ನಿಂತಿತು. ಆಯಿ ನನ್ನ ಕೈಯನ್ನು ನೋವಾಗುವಷ್ಟು ಬಿಗಿಯಾಗಿ ಹಿಡಿದಳು. ನಾನು ಬಿಡಿಸಿಕೊಳ್ಳಲಿಲ್ಲ, ಮುಂದೆ ಏನನ್ನೂ ಹೇಳಲೂ ಇಲ್ಲ. ನೋವು ಎಲ್ಲಿ ಎಂದು ಕೊನೆಗೆ ಅವಳೇ ಹೇಳಿದಳು.