ಸಾಬೂನು ಹಾಕದ ಸೀಸೆ

ಹೋದ ತಿಂಗಳು ನಾನು ಕಾರವಾರದ ಕಾಲೇಜಿಗೆ ಹೋಗಿದ್ದೆ. ಓದಲಿಕ್ಕಲ್ಲ. ತಪ್ಪೊಪ್ಪಿಕೊಳ್ಳಲಿಕ್ಕೆ.

ನನ್ನ ಮೊಮ್ಮಗಳು ರೇಷ್ಮಾ ಅಲ್ಲಿ ಎಂಎಸ್ಸಿ. (ಹೋದ ವಾರವೂ ಈ ಅಂಕಣದಲ್ಲಿ ಇದನ್ನು ಬರೆದಿದ್ದೆ, ಅದರ ಹಿಂದಿನ ವಾರವೂ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟು ಮೀನಿನ ಬುಟ್ಟಿ ಹೊತ್ತವಳ ಮನೆಯಲ್ಲಿ ಎಂಎಸ್ಸಿ ಹುಟ್ಟಿದರೆ ನೀವಾದರೂ ಸುಮ್ಮನಿರುತ್ತಿದ್ದಿರಾ?)

ಅವಳ ಪ್ರಾಜೆಕ್ಟು ಹಸಿರು ಪಾಚಿಯ ಮೇಲೆ. ಅಂಕೋಲೆಯ ನಮ್ಮ ಬಾವಿಕಟ್ಟೆಯಲ್ಲಿ ಜನರನ್ನು ಜಾರಿಸಿ ಬೀಳಿಸುತ್ತದಲ್ಲ, ಅದರದೇ ಜಾತಿ. ನಾನು ತೆಂಗಿನ ಸಿಪ್ಪೆಯಲ್ಲಿ ತಿಕ್ಕಿ ತೆಗೆಯುವುದನ್ನು ಇವರು ಟ್ಯೂಬ್‌ಲೈಟಿನ ಕೆಳಗಿಟ್ಟು ಸಾಕುತ್ತಾರೆ.

"ಪಾಚಿ ಓದಿ ಎಂತ ಮಾಡ್ತಿ?" ಎಂದು ಕೇಳಿದೆ.

"ಅಜ್ಜಿ, ರಂಪಣಿ ಬಲೆ ಎಳೂದು ಗೊತ್ತಲ್ಲ ನಿಂಗೆ?"

ನನಗೆ ಕೇಳುವ ಪ್ರಶ್ನೆಯೇ ಇದು? ಇಡೀ ಕೇರಿ ಸಾಲಾಗಿ ನಿಂತು ದಡಕ್ಕೆ ಎಳೆಯುವ ಬಲೆ ಅದು. ನನ್ನ ಗಂಡ ಮದುವೆಯ ದಿನವೊಂದು ಬಿಟ್ಟು ಉಳಿದ ದಿನವೆಲ್ಲ ಅದನ್ನೇ ಎಳೆದವರು.

"ಪಾಚಿ ಒಳಗೂ ಹಂಗೇ ಬಲೆ ಉಂಟು. ಪ್ರೋಟೀನಿಂದು. ಮೀನಲ್ಲ, ಬೆಳಕು ಹಿಡೀತದೆ. ಹಿಡಿದದ್ದನ್ನ ಕೈಯಿಂದ ಕೈಗೆ ದಾಟ್ಸಿ ದಡಕ್ಕೆ ಮುಟ್ಟಿಸ್ತದೆ. ಅಲ್ಲಿ ಪಾಚಿಗೆ ಊಟ ತಯಾರಾಗೂದು."

"ಮತ್ತೆ ಅದಕ್ಕೆ ಸಾಬೂನು ಹಾಕ್ತೆ ಅಂತೀಯಲ್ಲ, ಆ ಕತೆ ಎಂತ?"

"ಆ ಬಲೆ ನಿಂತದ್ದು ಜಿಡ್ಡಿನ ಪೊರೆಯಲ್ಲಿ. ಹೊರಗೆ ತೆಗೀಬೇಕಾದ್ರೆ ಪೊರೆ ಕರಗಿಸ್ಬೇಕು. ಡಿಟರ್ಜೆಂಟು, ಅದೇ ನಿನ್ನ ಸಾಬೂನು, ಹದ ಇದ್ರೆ ಬಲೆ ಇಡಿಯಾಗಿ ಬತ್ತದೆ. ಜಾಸ್ತಿಯಾದ್ರೆ ಬಲೆಯೇ ಬಿಚ್ಚಿಹೋಗ್ತದೆ. ಆಗ ಬೆಳಕು ದಾಟ್ಸೂಕೆ ಮುಂದೆ ಕೈಯೇ ಇಲ್ಲ. ಕೆಂಪಗೆ ಹೊಳೆದು ಹೊರಗೆ ಚೆಲ್ಲಿಹೋಗ್ತದೆ."

ಅರ್ಥವಾಯಿತು. ಅರ್ಥವಾಗಿಯೂ ನಾನು ಆ ಕೆಲಸ ಮಾಡಿದೆ, ಅದು ಬೇರೆ ಮಾತು.

ಒಂದು ಶನಿವಾರ ರೇಷ್ಮಾ ಹನ್ನೆರಡು ಗಾಜಿನ ಸೀಸೆ ಮನೆಗೆ ತಂದಳು, ನಂಬರಿನ ಚೀಟಿ ಅಂಟಿಸಲಿಕ್ಕೆ. ನಮ್ಮ ಮನೆಯ ವಿಷಯ ನಿಮಗೆ ಗೊತ್ತು. ಬಂಗಡೆ, ಸೌಂದಾಳೆ, ಶೆಟ್ಲಿಯೆಂಬ ಒಣ ಸಿಗಡಿ, ನಾವು, ಎಲ್ಲ ಒಂದೇ ಮಾಡಿನ ಕೆಳಗೆ. ಮೊದಲ ವರ್ಷ ಕ್ಲಾಸಿನ ಹುಡುಗಿಯೊಬ್ಬಳು ರೇಷ್ಮಾಳ ಬ್ಯಾಗು ಹತ್ತಿರ ಬಂದಾಗ ಮೂಗಿಗೆ ಕರವಸ್ತ್ರ ಹಿಡಿದಿದ್ದಳು. ಅದನ್ನು ರೇಷ್ಮಾ ಹೇಳಿದ್ದು ನನಗೊಬ್ಬಳಿಗೇ. ಅಂದಿನಿಂದ ನಮ್ಮ ಮನೆಯಿಂದ ಯಾವ ವಸ್ತುವೂ ತೊಳೆಸಿಕೊಳ್ಳದೆ ಕಾಲೇಜಿಗೆ ಹೋಗಿಲ್ಲ. ಕೊಡೆ ಸಹ.

ರವಿವಾರ ಅವಳು ಗೆಳತಿಯನ್ನು ಕಾಣಲು ಬೊಬ್ರುವಾಡಕ್ಕೆ ಹೋದಾಗ ಸೀಸೆಗಳನ್ನು ತೊಳೆದೆ. ಬಟ್ಟೆ ಒಗೆಯುವ ಪುಡಿ, ಒಂದು ಮುಷ್ಟಿ. ಕೊನೆಯ ನೀರು ಹಾಕಲಿಲ್ಲ. ಪರಿಮಳ ಉಳಿಯಬೇಕಲ್ಲ! ನೊರೆ ಸಮೇತ ಬಿಸಿಲಿಗೆ ಒಣಗಿಸಿ, ಇದ್ದಂತೆಯೇ ಪೆಟ್ಟಿಗೆಗೆ ಸೇರಿಸಿದೆ. ಹೇಳಲಿಲ್ಲ. ಪ್ರೀತಿಯನ್ನೆಲ್ಲ ಯಾರಾದರೂ ಹೇಳುತ್ತಾ ಕೂರುತ್ತಾರೆಯೇ?

ಸೋಮವಾರ ಆರು ಸೀಸೆ ಬಳಸಿದಳು. ಮುಖ ಊದಿಸಿಕೊಂಡು ಬಂದಳು. ಮಂಗಳವಾರ ಉಳಿದ ಆರು. ಆ ದಿನ ಕಣ್ಣೂ ಊದಿತ್ತು.

"ಎಂತ ಆಯ್ತೆ?"

"ಸಾಬೂನು ಹಾಕದ ಸೀಸೆ ಒಂದು ಬೇಕೇಬೇಕು ಅಜ್ಜಿ, ಹೋಲಿಸಿ ನೋಡೂಕೆ. ಅದು ಮಂಕಾಗಿರ್ಬೇಕು. ಅದೂ ಕೆಂಪಗೆ ಹೊಳೀತದೆ! ನನ್ನ ಕೈಯೇ ಸರಿ ಇಲ್ಲ. ಶನಿವಾರ ರಿಪೋರ್ಟು ಕೊಡ್ಬೇಕು. ನಾ ಕೊಡೂದಿಲ್ಲ. ಈ ಓದು ನಮ್ಮಂಥವರಿಗಲ್ಲ."

ಅನ್ನ ಬಡಿಸುತ್ತಿದ್ದ ನನ್ನ ಕೈ ನಿಂತಿತು. ಸೀಸೆ ತೊಳೆದವಳು ನಾನೆಂಬ ಮಾತು ಮಾತ್ರ ಬಾಯಿಗೆ ಬರಲಿಲ್ಲ. ನಲವತ್ತು ವರ್ಷ ಮೀನು ಮಾರ್ಕೆಟಿನಲ್ಲಿ ಕೂತು ಒಂದು ದಿನವೂ ಬಾಯಿ ಮುಚ್ಚದವಳು ನಾನು. "ನಮ್ಮಂಥವರಿಗಲ್ಲ" ಎಂದು ನನ್ನ ತಾಯಿಯೂ ಹೇಳಿದ್ದಳು, ನನ್ನನ್ನು ಶಾಲೆ ಬಿಡಿಸಿದ ದಿನ.

ಮರುದಿನ ಅವಳು ಹೋದ ಮುಂದಿನ ಬಸ್ಸಿಗೆ ನಾನೂ ಹತ್ತಿದೆ. ಅಮದಳ್ಳಿ ಬಂತು. ಅರ್ಗಾ ಬಂತು. ಪ್ರತಿ ಸ್ಟಾಪಿನಲ್ಲೂ ಇಳಿದು ವಾಪಸು ಹೋಗೋಣ ಅನಿಸಿತು. ಕಾರವಾರದ ಟಿಕೆಟ್ಟು ತೆಗೆದಾಗಿತ್ತು, ಕೂತೆ.

ಲ್ಯಾಬಿನ ಬಾಗಿಲಲ್ಲಿ ನನ್ನನ್ನು ಕಂಡು ರೇಷ್ಮಾ ಹೌಹಾರಿದಳು. "ಮನೇಲಿ ಯಾರಿಗೆ ಎಂತ ಆಯ್ತು?"

"ಯಾರಿಗೂ ಎಂತಿಲ್ಲ. ಸೀಸೆ ತೊಳೆದವಳು ನಾನು. ಸಾಬೂನು ಹಾಕಿ."

ಅವಳು ಮೇಜಿನ ಮೇಲಿದ್ದ ಸೀಸೆಯೊಂದನ್ನು ತೆಗೆದು ಮೂಸಿದಳು. ಸಿಟ್ಟೋ ಅಳುವೋ ತಿಳಿಯಲಿಲ್ಲ. ಅಷ್ಟರಲ್ಲಿ ಅವಳ ಮೇಡಂ ಎದ್ದು ಬಂದರು. ಬೈಯುತ್ತಾರೆ ಅಂದುಕೊಂಡೆ. ಅವರು ಪೆನ್ನು ತೆಗೆದರು.

"ಎಷ್ಟು ಪುಡಿ ಹಾಕಿದ್ರಿ?"

"ಒಂದು ಮುಷ್ಟಿ."

ಅವರು ನನ್ನ ಮುಷ್ಟಿಯನ್ನು ನೋಡಿದರು. ಏನೋ ಬರೆದರು. "ಕೊನೆಗೆ ಎಷ್ಟು ನೀರಲ್ಲಿ ತೊಳೆದ್ರಿ?"

"ತೊಳೀಲೇ ಇಲ್ಲ ಮೇಡಂ."

ಅದನ್ನೂ ಬರೆದರು. ಪೊಲೀಸರೂ ಇಷ್ಟು ಶ್ರದ್ಧೆಯಿಂದ ಬರೆಯುವುದಿಲ್ಲ.

ಆಮೇಲೆ ರೇಷ್ಮಾಳತ್ತ ತಿರುಗಿ, "ನಿನ್ನ ಕೈ ಸರಿಯಾಗೇ ಇದೆ. ಒಣಗಿದ ನೊರೆಯನ್ನೂ ನಿನ್ನ ಪಾಚಿ ಹಿಡಿದು ತೋರಿಸಿದೆ ನೋಡು. ಹೊಸ ಸೀಸೆ ತಗೋ" ಎಂದರು.

"ಒಂದು ಮಾತು ಹೇಳೂಕೆ ಆಗ್ಲಿಲ್ವಾ ಮಾರಾಯ್ತಿ!" ರೇಷ್ಮಾ ಈಗ ಬಾಯಿಬಿಟ್ಟಳು. "ನಿನ್ನೆ ಊಟ ಸೇರ್ಲಿಲ್ಲ ನಂಗೆ."

"ನಂಗೆಲ್ಲಿ ಸೇರಿತ್ತು?"

ಮಧ್ಯಾಹ್ನ ನನ್ನನ್ನೂ ಕತ್ತಲೆ ಕೋಣೆಗೆ ಕರೆದರು. ನೀಲಿ ದೀಪ, ಅದರ ಮುಂದೆ ಆರು ಸೀಸೆ. ಡಿಟರ್ಜೆಂಟು ತುಂಬ ಬಿದ್ದದ್ದು ಕೆಂಡದಂತೆ ಕೆಂಪು. ಏನೂ ಹಾಕದ್ದು ಮಂಕಾಗಿ, ತನ್ನ ಪಾಡಿಗೆ ತಾನು ನಿಂತಿತ್ತು. "ಇದೇ ಅಜ್ಜಿ, ಇದೇ!" ಎಂದು ರೇಷ್ಮಾ ನನ್ನ ತೋಳು ಹಿಡಿದು ಅಲುಗಿಸಿದಳು. ಹೊಳೆಯದ ಸೀಸೆಯೊಂದನ್ನು ಕಂಡು ಕುಣಿಯಬೇಕೆನಿಸಿದ್ದು ನನಗೆ ಅದೇ ಮೊದಲು. (ಕುಣಿಯಲಿಲ್ಲ. ಸುತ್ತ ಗಾಜಿತ್ತು.)

ಶನಿವಾರ ರಿಪೋರ್ಟು ಕೊಟ್ಟಳು. ಮೊನ್ನೆ ಅದು ಪಾಸಾಯಿತು! ಬೈಂಡು ಮಾಡಿಸಿದ ಪ್ರತಿ ತಂದು ಒಂದು ಪುಟ ತೆಗೆದು ಓದಿ ಹೇಳಿದಳು. ಮೊದಲೆರಡು ಪ್ರಯೋಗ ಯಾಕೆ ಕೆಟ್ಟವು ಎಂದು ಅಲ್ಲಿದೆ: ಸೀಸೆಗಳನ್ನು ಮನೆಯಲ್ಲಿ ಸಾಬೂನು ಪುಡಿಯಿಂದ ತೊಳೆಯಲಾಗಿತ್ತು, ನೀರಿನಲ್ಲಿ ಜಾಲಿಸಿರಲಿಲ್ಲ.

"ಇದನ್ನ ಯಾಕೆ ಹಾಕ್ದೆ? ಮರ್ಯಾದೆ ಹೋಗೂದಿಲ್ವಾ?"

"ಹಾಕದಿದ್ರೆ ಹೋಗೂದು" ಎಂದಳು ಎಂಎಸ್ಸಿ.

ಆ ಪುಟವನ್ನು ಇಡೀ ಕೇರಿಗೆ ತೋರಿಸಿ ಬಂದೆ. ಇಂಗ್ಲಿಷು ಓದಲು ಬಾರದವರಿಗೆ ನಾನೇ ಬಾಯಿಪಾಠ ಹೇಳಿದೆ. ನಮ್ಮ ಕಡೆ ಆಫೀಸುಗಳಿಗೇನು ಕಡಿಮೆಯೇ? ಆದ ತಪ್ಪನ್ನು ತಾನೇ ಬರೆದು, ಸಹಿ ಹಾಕಿ, ಬೈಂಡು ಮಾಡಿ ಕಪಾಟಿನಲ್ಲಿಟ್ಟ ಒಂದೇ ಒಂದು ಆಫೀಸು ನಿಮಗೆ ಗೊತ್ತಿದ್ದರೆ ಹೇಳಿ.