ಅಖಾಡದಲ್ಲಿ ಮಲಗಿಸಿದ ಉಸ್ತಾದರು

ಮೊಮ್ಮಗಳು ಹುಟ್ಟಿದ ಮೇಲೆ ನಮ್ಮ ಮನೆ ಮದುವೆ ಮನೆಯಾಗಿಬಿಟ್ಟಿದೆ. ಮೊನ್ನೆ ಕಲ್ಕತ್ತೆಯಿಂದ ಬಂದ ಬೀಗಿತ್ತಿಯವರು ಕೂಸಿಗೆ ಹಚ್ಚಲೆಂದು ಸಾಸಿವೆ ಎಣ್ಣೆ ಬೆಚ್ಚಗೆ ಮಾಡಿದರು. ನಮ್ಮ ಕಡೆ ಕೂಸಿಗೆ ಹರಳೆಣ್ಣೆ, ಕೊಬ್ಬರಿ ಎಣ್ಣೆ. ಆ ಘಾಟು ಮೂಗಿಗೆ ಹತ್ತಿದ್ದೇ ತಡ, ಸಂತೋಷದಲ್ಲಿ ಓಡಾಡುತ್ತಿದ್ದ ಮುದುಕ ನಾನು ಗೋಡೆ ಹಿಡಿದು ಅಲ್ಲೇ ಕೂತುಬಿಟ್ಟೆ. ಕುವೈತಿನ ಉಸ್ತಾದರು ನೆನಪಾದರು...

ಎಂಬತ್ತರ ಸುಮಾರಿನ ಮಾತು. ಕುವೈತಿನ ಅರ್ದಿಯಾ ಎಂಬಲ್ಲಿ ಗೋದಾಮೊಂದರಲ್ಲಿ ಸಿಮೆಂಟು ಮೂಟೆ ಹೊರುತ್ತಿದ್ದೆ. ಓದು ನಾಲ್ಕನೇ ಕ್ಲಾಸು, ಮೈಯೇ ಬಂಡವಾಳ. ಹೊತ್ತು ಹೊತ್ತು ಬಲಭುಜ ಹಿಡಿದುಕೊಂಡು, ಕೈ ಕಿವಿಯವರೆಗೂ ಏಳದಾಯಿತು. ಫೋರ್‌ಮನ್ನಿಗೆ ಗೊತ್ತಾದರೆ ಖಲಾಸ್, ಅಲ್ಲಿರಲು ಬೇಕಾದ ಪರವಾನಗಿ, ಇಕಾಮಾ, ಮುಂದುವರಿಸುವುದಿಲ್ಲ, ಊರಿನ ವಿಮಾನ ಹತ್ತಿಸುತ್ತಾರೆ. ಎಡಗೈಯಲ್ಲಿ ಎಳೆದು, ಬೆನ್ನಿಗೆ ಹಾಕಿಕೊಂಡು, ಹೇಗೋ ಮುಚ್ಚಿಟ್ಟಿದ್ದೆ.

ಉಸ್ತಾದರು ಲಾಹೋರಿನ ಕಡೆಯವರು, ಆಗಲೇ ಐವತ್ತು ದಾಟಿದವರು. ವಾರವೆಲ್ಲ ನೀರಿನ ಟ್ಯಾಂಕರ್ ಓಡಿಸಿ, ಶುಕ್ರವಾರ ಬೆಳಿಗ್ಗೆ ಗೋದಾಮಿನ ಹಿಂದೆ ಕುಸ್ತಿ ಕಲಿಸುತ್ತಿದ್ದರು. ಮರಳಿಗೆ ಮಜ್ಜಿಗೆ, ಸಾಸಿವೆ ಎಣ್ಣೆ ಸುರಿದು ಹದ ಮಾಡಿದ್ದರು. ಏನು ಮಾಡಿದರೂ ಅದು ನಮ್ಮ ಗರಡಿಯ ಮಣ್ಣಿನ ಹಾಗೆ ಮೈಗೆ ಅಂಟದು, ಕೆರೆಯುವುದು. ಮದುವೆಯಾದ ಮೇಲೆ ಮೈಸೂರಿನಲ್ಲಿ ಗರಡಿ ಬಿಟ್ಟವನು ನಾನು. ಮತ್ತೆ ಸಾಮು ಮಾಡಿದರೆ ಭುಜ ಸಡಿಲವಾದೀತೆಂದು ಲಂಗೋಟಿ ಕಟ್ಟಿ ಹೋದೆ.

ಉಸ್ತಾದರು ನನ್ನ ಕಣ್ಣು ನೋಡಿದರು. ಕೈ ಎತ್ತಿಸಿದರು. ಎದ್ದಷ್ಟು ನೋಡಿ, "ಮೈಸೂರ್, ಲೇಟ್ ಜಾವ್" ಎಂದು ಮಲಗಲು ಚಾಪೆ ತೋರಿಸಿದರು. ಶಿಷ್ಯ ಗುರುವಿನ ಮೈ ಒತ್ತುವುದು ಗರಡಿಯ ಪದ್ಧತಿ. ಇಲ್ಲಿ ಗುರುವೇ ಎಣ್ಣೆ ಕಾಯಿಸಿ ನನ್ನ ಭುಜ ತಿಕ್ಕತೊಡಗಿದರು! ನಾಚಿಕೆಯಿಂದ ಏಳಲು ಹೋದರೆ ಬೆನ್ನಿಗೊಂದು ಪೆಟ್ಟು. ವಾರದ ದಣಿವೆಲ್ಲ ಕೂಡಿ ಕಣ್ಣು ಮುಚ್ಚಿತು... ಹೆಣದಂಥ ನಿದ್ದೆ.

ಆಮೇಲಿನ ಶುಕ್ರವಾರಗಳೂ ಹಾಗೇ. ಉಳಿದವರು ಸೆಣಸುವರು, ನಾನು ಗೊರಕೆ ಹೊಡೆಯುವೆ. ನನ್ನ ರೂಮಿನ ಮಂಗಳೂರಿನವನು ಬಿಡುತ್ತಾನೆಯೇ?

"ಎಂತ ಮಾರಾಯ, ಇವತ್ತೂ ನಿದ್ದೆಯ ಕುಸ್ತಿಯಾ? ದಿಂಬು ತಕೊಂಡು ಹೋಗು!"

ರೋಸಿಹೋಗಿ, ನನ್ನನ್ನು ಅಖಾಡಕ್ಕೆ ಬಿಡುವುದು ಯಾವಾಗ ಎಂದು ಉಸ್ತಾದರನ್ನೇ ಕೇಳಿದೆ.

"ಭಾಯಿ, ದಣಿದವನನ್ನು ಕೆಡವಿದರೆ ಯಾರಿಗೆ ಇಜ್ಜತ್? ಪೆಹಲೇ ಸೋ ಜಾವ್, ಮೊದಲು ನಿದ್ದೆ ಮಾಡು" ಎಂದರು.

ಚಳಿ ಬೀಳುವ ಹೊತ್ತಿಗೆ ಕೈ ತಲೆಯ ಮೇಲಕ್ಕೆ ಹೋಯಿತು. ಅವತ್ತು ಉಸ್ತಾದರೇ ನನ್ನ ಹಣೆಗೆ ಮರಳು ಹಚ್ಚಿ ಒಳಕ್ಕೆ ತಳ್ಳಿದರು. ಎದುರಿಗೆ ಪೇಶಾವರದ ಒಬ್ಬ ಕಟ್ಟುಮಸ್ತು ಗಂಡಾಳು. ತೊಡೆ ತಟ್ಟಿದೆನೋ ಇಲ್ಲವೋ, ಚಿತ್! ಬಿದ್ದವನು ಬಲಗೈ ಊರಿಯೇ ಎದ್ದೆ. ನೋವಿಲ್ಲ! "ದರ್ದ್ ನಹೀ, ಉಸ್ತಾದ್! ದರ್ದ್ ನಹೀ!" ಎಂದು ಸೋತವನು ನಾನು ಕುಣಿದೆ. ಗೆದ್ದವನು ಕಕ್ಕಾಬಿಕ್ಕಿ. ಉಸ್ತಾದರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಮೂಟೆ ಮತ್ತೆ ಬಲಭುಜಕ್ಕೇರಿತು. ಫೋರ್‌ಮನ್ ಎಂದಿನಂತೆ "ಯಲ್ಲಾ, ಯಲ್ಲಾ" ಎಂದು ಗದರಿದ, ಅಷ್ಟೇ. ಇಕಾಮಾವೂ ಮುಂದುವರಿಯಿತು. ಇನ್ನು ಮೇಲೆ ನಿಮ್ಮ ಮೈ ನಾನು ಒತ್ತುತ್ತೇನೆ ಎಂದರೆ ಉಸ್ತಾದರು "ಅಗಲೇ ಜುಮ್ಮೇ" ಎಂದು ಮುಂದಿನ ಶುಕ್ರವಾರಕ್ಕೆ ತಳ್ಳುವರು. ಅವರದೂ ಹೊತ್ತು ಮೂಡುವ ಮೊದಲೇ ಹೊರಡುವ ದುಡಿತ. ಇಳಿಯುವಾಗ ಟ್ಯಾಂಕರಿನ ಬಾಗಿಲು ಹಿಡಿದು ಸೊಂಟ ನೇರ ಮಾಡಿಕೊಳ್ಳುತ್ತಿದ್ದರು...

ಒಂದು ಶುಕ್ರವಾರ ಅವರು ಬರಲಿಲ್ಲ. ಅವರ ಕಂಪನಿಯ ಕೆಲಸ ಮುಗಿದು, ಎಲ್ಲರನ್ನೂ ಊರಿಗೆ ಕಳಿಸಿದರೆಂದು ಕಾವಲುಗಾರ ಹೇಳಿದ. ಅವರ ಹಳ್ಳಿಯ ಹೆಸರನ್ನೂ ನಾನು ಕೇಳಿಟ್ಟುಕೊಂಡಿರಲಿಲ್ಲ.

ಆ ಭುಜದ ದುಡಿಮೆಯಲ್ಲೇ ಮಗ ಓದಿದ, ಮನೆ ತುಂಬಿತು. ಈಗ ನಾನೇ ಮುದುಕ, ಮೆಟ್ಟಿಲು ಹತ್ತಿದರೆ ಏದುಸಿರು. ಅಂದಮೇಲೆ ಉಸ್ತಾದರು ಇರಲಾರರು. ಮಣ್ಣು ಮಾಡುವ ಮುನ್ನ ಅವರ ಮೈ ತೊಳೆದವರು ಯಾರೋ... ದಣಿದ ಆ ಬೆನ್ನನ್ನು ನನ್ನ ಕೈ ಒಂದು ಸಲವೂ ಮುಟ್ಟಲಿಲ್ಲ.